ನೀಲಿ, ಕೆಂಪು, ಮತ್ತೆ ನೀಲಿ: ನ್ಯೂಟನ್ ಕನ್ನಡಿ ಹಾಕಿದ ಮೇಲೂ ಮಸೂರಕ್ಕೆ ವಾಪಸ್ ಹೋದದ್ದು ಯಾಕೆ?

ಅಮಾವಾಸ್ಯೆ ಕೇಳಿದ್ದು:

ಎಂಟನೇ ಕ್ಲಾಸಿನಲ್ಲಿರುವ ಮಗಳು ದೂರದರ್ಶಕದ ಚರಿತ್ರೆ ಅಂತ ಒಂದು ಚಾರ್ಟು ಮಾಡ್ತಿದ್ದಾಳೆ. ನಾಲ್ಕು ಹಾಳೆ ಅಂಟಿಸಿ ಉದ್ದಕ್ಕೆ ಗೆರೆ ಎಳೆದಿದ್ದಾಳೆ, ಇಸವಿ ಹುಡುಕಿಕೊಟ್ಟಿದ್ದು ನಾನು. ಮಸೂರದ ದೂರದರ್ಶಕಕ್ಕೆ ನೀಲಿ ಪೆನ್ನು, ಕನ್ನಡಿಯದ್ದಕ್ಕೆ ಕೆಂಪು. 1608 ಲಿಪ್ಪರ್‌ಹೇ, ನೀಲಿ. 1609 ಗೆಲಿಲಿಯೋ, ನೀಲಿ. 1668 ನ್ಯೂಟನ್, ಕೆಂಪು. 1789 ಹರ್ಶೆಲ್, ಕೆಂಪು. 1845 ಲಾರ್ಡ್ ರಾಸ್, ಕೆಂಪು. ಅಲ್ಲೀತನಕ ಸಲೀಸು. ಆಮೇಲೆ 1897, ಅಮೆರಿಕದ ಯರ್ಕೀಸ್ ವೀಕ್ಷಣಾಲಯ, ನಲವತ್ತು ಇಂಚು ಅಗಲದ ಮಸೂರ. ಪೆನ್ನು ಬದಲಾಯಿಸೋಕೆ ಹೋದವಳು ನಿಂತುಬಿಟ್ಟಳು. "ಅಮ್ಮಾ, ಇದು ತಪ್ಪಿರಬೇಕು. ರಾಸ್ ಹತ್ರ ಎಪ್ಪತ್ತೆರಡು ಇಂಚಿನ ಕನ್ನಡಿ ಇತ್ತು ಅಂದ್ರೆ, ಐವತ್ತು ವರ್ಷ ಆದ್ಮೇಲೆ ಯಾರಾದ್ರೂ ನಲವತ್ತು ಇಂಚಿನ ಮಸೂರಕ್ಕೆ ಇಳೀತಾರಾ?"

ಇಸವಿ ತಪ್ಪಿಲ್ಲ, ಎರಡೆರಡು ಸಲ ನೋಡಿದೆ. ನಾನು ಶಾಲೇಲಿ ಕಲಿತದ್ದು ಇಷ್ಟೇ: ಮಸೂರದಲ್ಲಿ ಬಣ್ಣ ಒಡೆಯುತ್ತೆ, ನ್ಯೂಟನ್ ಕನ್ನಡಿ ಹಾಕಿ ಸರಿಮಾಡಿದ, ಮುಗೀತು. ಮುಗಿದಿದ್ದರೆ 229 ವರ್ಷ ಆದಮೇಲೆ ಮತ್ತೆ ಮಸೂರ ಯಾಕೆ? ಅದಾಗಿ ಇಪ್ಪತ್ತೇ ವರ್ಷಕ್ಕೆ, 1917ರಲ್ಲಿ, ಮತ್ತೆ ಕೆಂಪು. ಆಮೇಲೆ ನೀಲಿ ಬರೋದೇ ಇಲ್ಲ. ಗೊತ್ತಿರೋರು ಯಾರಾದ್ರೂ ಬಿಡಿಸಿ ಹೇಳಿ. ಚಾರ್ಟು ಶುಕ್ರವಾರ ಕೊಡಬೇಕು.

---

ಪಾದಟಿಪ್ಪಣಿ:

ನಿಮ್ಮ ಮುಖ್ಯ ಪ್ರಶ್ನೆಗೆ ಬೇರೆಯವರು ಹೇಳಲಿ. ನಾನು ಹಾಳೆಯ ಎಡತುದಿ ಸ್ವಲ್ಪ ರಿಪೇರಿ ಮಾಡ್ತೀನಿ.

1608ರ ಪಕ್ಕ "ಕಂಡುಹಿಡಿದ" ಅಂತ ಬರೆದಿದ್ದರೆ ಅಳಿಸಿ, "ಅರ್ಜಿ ಹಾಕಿದ" ಅಂತ ಬರೆಸಿ. ಹ್ಯಾನ್ಸ್ ಲಿಪ್ಪರ್‌ಹೇ ಮಿಡ್ಲ್‌ಬರ್ಗ್ ಊರಿನಲ್ಲಿ ಕನ್ನಡಕ ಮಾಡುತ್ತಿದ್ದವನು. ಆ ವರ್ಷ ಅಕ್ಟೋಬರ್ 2ರಂದು ಹೇಗ್‌ನಲ್ಲಿ ಅವನ ಪೇಟೆಂಟ್ ಅರ್ಜಿ ಸರ್ಕಾರದ ಮುಂದೆ ಬಂತು. ಕೆಲವೇ ವಾರದಲ್ಲಿ ಅಲ್ಕ್ಮಾರ್‌ನ ಯಾಕೊಬ್ ಮೆಟಿಯಸ್ ಕೂಡ ನನ್ನದೂ ಇದೆ ಅಂತ ಬಂದ. ಎರಡು ಗಾಜು, ಒಂದು ಕೊಳವೆ, ನೋಡಿದವನೆಲ್ಲ ಮಾಡಬಹುದು ಅನ್ನೋ ಹಾಗಿತ್ತು, ಪೇಟೆಂಟ್ ಯಾರಿಗೂ ಸಿಗಲಿಲ್ಲ. ಲಿಪ್ಪರ್‌ಹೇಗೆ ಎರಡು ಕಣ್ಣಿಗೂ ಹಿಡಿಯುವಂಥದ್ದು ಮಾಡಿಕೊಡು ಅಂತ ಆರ್ಡರ್ ಸಿಕ್ಕಿತು, ದುಡ್ಡೂ ಬಂತು. ಅಂದರೆ ಬೈನಾಕ್ಯುಲರ್ ಹುಟ್ಟಿದ್ದು ಹೆಚ್ಚೂಕಡಿಮೆ ಅದೇ ತಿಂಗಳಲ್ಲಿ.

ಗೆಲಿಲಿಯೋ ನಾನೇ ಮೊದಲಿಗ ಅಂತ ಹೇಳಿಕೊಳ್ಳಲಿಲ್ಲ. ಹಾಲೆಂಡಿನ ಸುದ್ದಿ ಕಿವಿಗೆ ಬಿತ್ತು, ತಾನೇ ಕೂತು ಮಾಡಿದೆ ಅಂತಲೇ ಬರೆದಿದ್ದಾನೆ. ಚಂದ್ರನನ್ನು ದೂರದರ್ಶಕದಲ್ಲಿ ನೋಡಿ ಚಿತ್ರ ಬರೆದವರಲ್ಲೂ ಥಾಮಸ್ ಹ್ಯಾರಿಯಟ್ ಅವನಿಗಿಂತ ಕೆಲವು ತಿಂಗಳು ಮುಂದೆ, 1609ರ ಜುಲೈನಲ್ಲಿ. ಪಾಪ, ಹ್ಯಾರಿಯಟ್ ಅದನ್ನು ಅಚ್ಚು ಹಾಕಿಸಲಿಲ್ಲ.

---

ಉಜ್ಜುಗಲ್ಲು:

ನಿಮ್ಮ ಮಗಳ ಅನುಮಾನ ಸರಿ, ಚಾರ್ಟೂ ಸರಿ. ಒಂದೇ ಗೆರೆ ಎಳೆದದ್ದು ಮಾತ್ರ ಎಡವಟ್ಟು. ಅಲ್ಲಿ ಎರಡು ಗೆರೆ ಬೇಕು, ನೀಲಿಯದ್ದೇ ಒಂದು, ಕೆಂಪಿನದ್ದೇ ಒಂದು. ಒಂದು ನಿಂತ ಕಡೆ ಇನ್ನೊಂದು ಓಡಿದೆ, ಅಷ್ಟೆ.

ನಾನು ವಿಜ್ಞಾನಿ ಅಲ್ಲ. ಆರು ಇಂಚಿನ ಒಂದು ಕನ್ನಡಿಯನ್ನು ಕೈಯಾರೆ ಉಜ್ಜಿ ಮಾಡಿದವನು. ನಾಲ್ಕು ತಿಂಗಳ ಭಾನುವಾರಗಳು ಹೋದವು, ಎರಡು ಸಲ ಕೆಡಿಸಿ ಮತ್ತೆ ಶುರುಮಾಡಿದೆ. ಹಾಗಾಗಿ ನನಗೆ ಈ ಚರಿತ್ರೆ ಕಾಣೋದು ಗಾಜಿನ ಕೆಸರು ಮೆತ್ತಿದ ಬೆರಳುಗಳ ಕಡೆಯಿಂದ. ಯಾರಿಗೆ ಮೊದಲು ಹೊಳೆಯಿತು ಅನ್ನೋದಕ್ಕಿಂತ, ಹೊಳೆದದ್ದನ್ನು ಮಾಡೋಕೆ ಕೈಲಿ ಏನಿತ್ತು ಅನ್ನೋದೇ ನನಗೆ ಮುಖ್ಯ.

ಗೆಲಿಲಿಯೋನಿಂದಲೇ ಹಿಡಿಯೋಣ. 1609ರ ನವೆಂಬರಿನಲ್ಲಿ ಅವನಿಗೊಂದು ಕಾಗದ ಬಂದಿತ್ತು. ಆ ಕಾಗದದ ಮೇಲೆ ಅವನು ಸಾಮಾನಿನ ಪಟ್ಟಿ ಗೀಚಿಕೊಂಡಿದ್ದಾನೆ. ಫಿರಂಗಿ ಗುಂಡು ಎರಡು, ಆರ್ಗನ್ ವಾದ್ಯದ ತವರದ ಕೊಳವೆ, ಪಾಲಿಶ್ ಮಾಡಿದ ಜರ್ಮನ್ ಗಾಜು, ಸ್ಫಟಿಕ, ಕನ್ನಡಿ ಚೂರು, ರಾಳ, ಉಜ್ಜುವ ಪುಡಿ, ಮಗ ವಿನ್ಸೆಂಜೋಗೆ ಚಪ್ಪಲಿ ಮತ್ತು ಟೋಪಿ. ಅದರ ನಡುವೆಯೇ ಕಡಲೆ, ಅಕ್ಕಿ, ಮಸೂರ ಬೇಳೆ. ಬೇಳೆಯ ಆಕಾರ ನೋಡಿಯೇ ಅವರ ಭಾಷೆಯಲ್ಲಿ ಗಾಜಿಗೆ ಆ ಹೆಸರು ಬಂದದ್ದು, ನಮ್ಮಲ್ಲೂ ಅದೇ ಬೇಳೆ ಗಾಜಾಯಿತು. ಎರಡೂ ಒಂದೇ ಪಟ್ಟಿಯಲ್ಲಿ ಇರೋದು ನೋಡಿದರೆ ನನಗೆ ಈಗಲೂ ಖುಷಿ. ಫಿರಂಗಿ ಗುಂಡು ಯಾಕೆ ಅಂದರೆ, ಗಾಜನ್ನು ತಗ್ಗು ಮಾಡೋಕೆ ಒಂದು ಗುಂಡಗಿನ ಗಟ್ಟಿ ವಸ್ತು ಬೇಕು. ಅದರ ಮೇಲೆ ಪುಡಿ ಹಾಕಿ ನೀರು ಚಿಮುಕಿಸಿ ತಿರುಗಿಸಿ ತಿರುಗಿಸಿ ಉಜ್ಜೋದು. ಹೀಗೆ ಮಾಡಿ ಮಾಡಿ ಮೂರು ಪಟ್ಟು ದೊಡ್ಡದಾಗಿ ತೋರಿಸುವುದರಿಂದ ಇಪ್ಪತ್ತು ಪಟ್ಟು ತೋರಿಸುವುದಕ್ಕೆ ಬಂದ, 1610ರ ಜನವರಿ 7ರ ರಾತ್ರಿ ಗುರು ಗ್ರಹದ ಪಕ್ಕ ಚುಕ್ಕಿಗಳನ್ನು, ಅಂದರೆ ಅದರ ಉಪಗ್ರಹಗಳನ್ನು ಕಂಡ.

ಅವನು ಮಾಡಿದ ಇನ್ನೊಂದು ಕೆಲಸ ಯಾರೂ ಹೇಳೋದಿಲ್ಲ. ಮುಂದಿನ ಮಸೂರದ ಅಂಚನ್ನು ರಟ್ಟಿನ ಬಳೆ ಇಟ್ಟು ಮುಚ್ಚಿಬಿಟ್ಟಿದ್ದ, ಬೆಳಕು ನಡುವಿನಿಂದ ಮಾತ್ರ ಬರುವ ಹಾಗೆ. ಕೈಯಲ್ಲಿ ಉಜ್ಜಿದ ಗಾಜು ಯಾವಾಗಲೂ ಕೈಕೊಡೋದು ಅಂಚಿನಲ್ಲೇ. ನನ್ನ ಮೊದಲನೇ ಕನ್ನಡಿ ಹಾಳಾದದ್ದೂ ಅಲ್ಲೇ: ನಡು ಚೆನ್ನಾಗಿತ್ತು, ಅಂಚಿನ ಅರ್ಧ ಇಂಚು ರೊಟ್ಟಿಯ ತುದಿ ಬಾಗಿದ ಹಾಗೆ ಬಾಗಿತ್ತು. ಕನ್ನಡಕ ಬಂದು ಮುನ್ನೂರು ವರ್ಷ ಆದಮೇಲೆ ದೂರದರ್ಶಕ ಬಂತು ಅಂತ ಜನ ಆಶ್ಚರ್ಯಪಡ್ತಾರಲ್ಲ, ನನಗೆ ಅದರಲ್ಲಿ ಆಶ್ಚರ್ಯ ಇಲ್ಲ. ಕನ್ನಡಕಕ್ಕೆ ಪಾಪೆಯಷ್ಟು ಜಾಗ ಸರಿ ಇದ್ದರೆ ಸಾಕು, ದೂರದರ್ಶಕಕ್ಕೆ ಇಡೀ ಗಾಜೂ ಒಟ್ಟಿಗೆ ಸರಿ ಇರಬೇಕು.

ಇನ್ನು ಬಣ್ಣ. ನೀಲಿ ಬೆಳಕು ಹೆಚ್ಚು ಬಾಗುತ್ತೆ, ಕೆಂಪು ಕಡಿಮೆ. ಎರಡೂ ಒಂದೇ ಕಡೆ ಬಂದು ಸೇರೋದಿಲ್ಲ. ಮಸೂರ ಚಪ್ಪಟೆಯಾದಷ್ಟೂ ಈ ತೊಂದರೆ ಕಣ್ಣಿಗೆ ಕಡಿಮೆ ಹೊಡೆಯುತ್ತೆ. ಆದರೆ ಚಪ್ಪಟೆ ಮಸೂರಕ್ಕೆ ಸಂಗಮ ದೂರ (ಬೆಳಕು ಬಂದು ಒಂದು ಬಿಂದುವಿಗೆ ಸೇರುವ ದೂರ) ಜಾಸ್ತಿ, ಅಂದರೆ ಕೊಳವೆ ಉದ್ದ. ಹದಿನೇಳನೇ ಶತಮಾನದವರು ಆ ದಾರಿ ಹಿಡಿದು ಎಲ್ಲಿಗೆ ಹೋದರು ಗೊತ್ತಾ? ಡಾನ್‌ಜಿಗ್‌ನಲ್ಲಿ ಹೆವೆಲಿಯಸ್ ಕಟ್ಟಿದ್ದು ನೂರೈವತ್ತು ಅಡಿ. ಕಂಬ ನೆಟ್ಟು, ಹಗ್ಗ ಬಿಗಿದು, ಕೆಳಗೆ ಆಳುಗಳು ಜಗ್ಗಬೇಕು. ಗಾಳಿ ಬೀಸಿದರೆ ಅಷ್ಟುದ್ದದ ಮರ ತೊನೆಯುತ್ತೆ, ನೋಡುತ್ತಿದ್ದ ನಕ್ಷತ್ರ ಮಾಯ. ಹೈಗೆನ್ಸ್ ಕೊಳವೆಯನ್ನೇ ಕಿತ್ತುಹಾಕಿದ. ಮಸೂರ ಕಂಬದ ತುದಿಯಲ್ಲಿ, ಕಣ್ಣಿನ ಮಸೂರ ಕೈಯಲ್ಲಿ, ನಡುವೆ ಒಂದು ಬಿಗಿದ ದಾರ, ಅಷ್ಟೇ. ಕತ್ತಲಲ್ಲಿ ಮೇಲಿನ ಮಸೂರ ಎಲ್ಲಿದೆ ಅಂತ ಹುಡುಕೋದೇ ಅರ್ಧ ರಾತ್ರಿಯ ಕೆಲಸ ಆಗಿರಬೇಕು.

ಈ ಗೋಳಿನ ನಡುವೆ ನ್ಯೂಟನ್ ಬಂದ. ಕನ್ನಡಿ ಬಣ್ಣ ಒಡೆಯೋದಿಲ್ಲ, ಎಲ್ಲ ಬಣ್ಣವನ್ನೂ ಒಂದೇ ಕೋನದಲ್ಲಿ ವಾಪಸ್ ಕಳಿಸುತ್ತೆ. 1668ರಲ್ಲಿ ಅವನು ಮಾಡಿದ್ದು ಗೇಣುದ್ದದ ಪುಟಾಣಿ, ಕನ್ನಡಿ ಒಂದೂಕಾಲು ಇಂಚಿನ ಆಸುಪಾಸು. ಲೋಹ ತಾನೇ ಎರಕ ಹೊಯ್ದ, ರಾಳದ ಮೇಲೆ ತಾನೇ ಉಜ್ಜಿದ. ನಾನು ಉಜ್ಜಿದ್ದೂ ರಾಳದ ಮೇಲೆಯೇ, ಮುನ್ನೂರೈವತ್ತು ವರ್ಷ ಕಳೆದರೂ ಅದಕ್ಕೆ ಸಾಟಿಯಾದದ್ದು ಮನೆಗಳಿಗೆ ಬಂದಿಲ್ಲ.

ನಿಮ್ಮ ಪಠ್ಯಪುಸ್ತಕ ಇಲ್ಲಿಗೆ ನಿಲ್ಲಿಸುತ್ತೆ. ಆದರೆ ನ್ಯೂಟನ್ ತೋರಿಸಿದ ಮೇಲೂ ಐವತ್ತು ವರ್ಷ ಕನ್ನಡಿ ದೂರದರ್ಶಕದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. 1721ರಲ್ಲಿ ಜಾನ್ ಹ್ಯಾಡ್ಲಿ ಆರು ಇಂಚಿನದ್ದು ಮಾಡಿ ತೋರಿಸುವವರೆಗೆ ಅದು ಆಟದ ಸಾಮಾನೇ. ಯಾಕೆ?

ಒಂದು ಕಾರಣ, ಕನ್ನಡಿ ಮಹಾ ಶಿಸ್ತಿನ ಪ್ರಾಣಿ. ಮಸೂರದ ಮೇಲೆ ಒಂದು ತಗ್ಗು ಬಿದ್ದರೆ ಬೆಳಕು ಸುಮಾರು ಆ ತಗ್ಗಿನ ಅರ್ಧದಷ್ಟು ದಾರಿ ತಪ್ಪುತ್ತೆ. ಕನ್ನಡಿಯ ಮೇಲೆ ಅದೇ ತಗ್ಗಿದ್ದರೆ ಬೆಳಕು ಹೋಗುತ್ತಾ ಒಂದು ಸಲ, ಬರುತ್ತಾ ಒಂದು ಸಲ, ಎರಡರಷ್ಟು ತಪ್ಪುತ್ತೆ. ಒಟ್ಟು ನಾಲ್ಕು ಪಟ್ಟು ವ್ಯತ್ಯಾಸ. ಮಸೂರಕ್ಕೆ ನಡೆಯೋ ಕೈಕೆಲಸ ಕನ್ನಡಿಗೆ ನಡೆಯೋದಿಲ್ಲ. ಜೊತೆಗೆ ಗೋಳದ ತುಂಡಾದರೆ ಸಾಲದು, ಅದು ಪರವಲಯ (ಪ್ಯಾರಾಬೋಲ) ಆಗಬೇಕು, ಆಗಲೇ ಬೆಳಕೆಲ್ಲ ಒಂದೇ ಬಿಂದುವಿಗೆ ಸೇರೋದು. ಪರವಲಯ ಆಗಿದೆಯೋ ಇಲ್ಲವೋ ಅಂತ ನೋಡುವ ದಾರಿ ಅವರ ಹತ್ತಿರ ಇರಲಿಲ್ಲ. ಉಜ್ಜು, ನಕ್ಷತ್ರಕ್ಕೆ ಹಿಡಿ, ಚೆನ್ನಾಗಿಲ್ಲ, ಮತ್ತೆ ಉಜ್ಜು.

ಎರಡನೇ ಕಾರಣ ಲೋಹವೇ. ತಾಮ್ರಕ್ಕೆ ತವರ ಜಾಸ್ತಿ ಬೆರೆಸಿ ಮಾಡುವ ಬಿಳಿ ಕಂಚು ಅದು. ಗಾಜಿನ ಹಾಗೆ ಒಡೆಯುತ್ತೆ, ಕಲ್ಲಿನ ಹಾಗೆ ಭಾರ. ಹೊಚ್ಚ ಹೊಸದಿದ್ದಾಗಲೂ ಬಿದ್ದ ಬೆಳಕಿನಲ್ಲಿ ಮೂರನೇ ಎರಡು ಪಾಲಷ್ಟೇ ವಾಪಸ್ ಕೊಡೋದು. ಎರಡು ಕನ್ನಡಿಗೆ ಬಡಿದು ಬರೋ ಹೊತ್ತಿಗೆ ಅರ್ಧ ಕೂಡ ಉಳಿಯೋಲ್ಲ. ಅದರ ಮೇಲೆ ಒದ್ದೆ ಹವೆಗೆ ಕಿಲುಬು. ಕಿಲುಬು ತೆಗೆಯೋಕೆ ಮತ್ತೆ ಉಜ್ಜಬೇಕು, ಉಜ್ಜಿದರೆ ತಿಂಗಳುಗಟ್ಟಲೆ ಕಷ್ಟಪಟ್ಟು ತಂದ ಆಕಾರ ಹೋಯಿತು. ಪಾತ್ರೆಗೆ ಕಲಾಯಿ ಹಾಕಿದಷ್ಟು ಸುಲಭ ಅಲ್ಲ, ಪ್ರತಿ ಸಲವೂ ಪಾತ್ರೆಯನ್ನೇ ಹೊಸದಾಗಿ ಬಡಿದ ಹಾಗೆ.

ಇಷ್ಟೆಲ್ಲ ಇದ್ದೂ ಹರ್ಶೆಲ್ ಮಾಡಿದ. ಅವನದ್ದು ಹಟ, ಬೇರೆ ಪದ ಇಲ್ಲ. ಬಾತ್ ಊರಿನಲ್ಲಿ ಸಂಗೀತ ಹೇಳಿಕೊಡುತ್ತಿದ್ದ ಮನುಷ್ಯ. ಒಂದು ಸಲ ಹದಿನಾರು ಗಂಟೆ ಕನ್ನಡಿಯಿಂದ ಕೈ ತೆಗೆಯದೆ ಉಜ್ಜಿದನಂತೆ, ತಂಗಿ ಕ್ಯಾರೊಲಿನ್ ಪಕ್ಕದಲ್ಲಿ ನಿಂತು ತುತ್ತು ಬಾಯಿಗಿಟ್ಟಳಂತೆ. ಎರಕದ ಅಚ್ಚಿಗೆ ಕುದುರೆ ಲದ್ದಿ ಕುಟ್ಟಿ ಜರಡಿ ಹಿಡಿದದ್ದೂ ಅವಳೇ. 1781ರಲ್ಲಿ ಮನೆಯಲ್ಲೇ ದೊಡ್ಡದೊಂದು ಕನ್ನಡಿ ಹೊಯ್ಯೋಕೆ ಹೋಗಿ, ಕರಗಿದ ಲೋಹ ನೆಲಕ್ಕೆ ಹರಿದು, ಹಾಸುಗಲ್ಲುಗಳು ಸಿಡಿದು ಚಾವಣಿಯವರೆಗೆ ಹಾರಿ, ಎಲ್ಲರೂ ಬಾಗಿಲಿಗೆ ಓಡಿದರು. ಅದೇ ವರ್ಷ ಮಾರ್ಚ್ 13ರಂದು ಆರು ಇಂಚು ಚಿಲ್ಲರೆ ಅಗಲದ ಕನ್ನಡಿಯಲ್ಲಿ ಯುರೇನಸ್ ಕಂಡಿದ್ದ. 1789ರ ನಲವತ್ತು ಅಡಿ ಉದ್ದದ ದೈತ್ಯ, ನಿಮ್ಮ ಚಾರ್ಟಿನಲ್ಲಿರೋದು, ರಾಜನ ದುಡ್ಡಿನಲ್ಲಿ ಕಟ್ಟಿದ್ದು. ನೋಡೋಕೆ ಭಾರಿ, ಆದರೆ ಕನ್ನಡಿ ಬೇಗ ಬೇಗ ಮಂಕಾಗೋದು, ಹರ್ಶೆಲ್‌ಗೂ ಕೈಗೆ ಒಗ್ಗಿದ್ದು ಹಳೆಯ ಇಪ್ಪತ್ತು ಅಡಿಯದ್ದೇ. ಲಾರ್ಡ್ ರಾಸ್ ಅಂತೂ ಎಪ್ಪತ್ತೆರಡು ಇಂಚಿನವು ಎರಡು ಕನ್ನಡಿ ಮಾಡಿಸಿ ಇಟ್ಟುಕೊಂಡ, ಒಂದು ಕೊಳವೆಯಲ್ಲಿದ್ದಾಗ ಇನ್ನೊಂದು ಪಾಲಿಶ್‌ಗೆ. ಒಂದೊಂದೂ ಸುಮಾರು ಮೂರು ಟನ್.

ಹರ್ಶೆಲ್ ಲದ್ದಿ ಕುಟ್ಟಿಸುವುದಕ್ಕೂ ಮೊದಲೇ ನೀಲಿ ಗೆರೆ ಸದ್ದಿಲ್ಲದೆ ಎದ್ದಿತ್ತು. ಎರಡು ಬೇರೆ ಬೇರೆ ಜಾತಿಯ ಗಾಜು, ಕ್ರೌನ್ ಮತ್ತು ಸೀಸ ಬೆರೆತ ಫ್ಲಿಂಟ್, ಒಂದರ ಬೆನ್ನಿಗೆ ಒಂದು ಕೂರಿಸಿದರೆ ಒಂದು ಒಡೆದ ಬಣ್ಣವನ್ನು ಇನ್ನೊಂದು ಕೂಡಿಸುತ್ತೆ. ನ್ಯೂಟನ್ ಇದು ಆಗದ ಮಾತು ಅಂದಿದ್ದ. ದೊಡ್ಡವರು ಆಗದು ಅಂದರೆ ಅರ್ಧ ಶತಮಾನ ಯಾರೂ ಮುಟ್ಟೋದಿಲ್ಲ ನೋಡಿ. ಮುಟ್ಟಿದ್ದು ಚೆಸ್ಟರ್ ಮೂರ್ ಹಾಲ್ ಅನ್ನೋ ವಕೀಲ, 1730ರ ಆಸುಪಾಸಿನಲ್ಲಿ. ಗುಟ್ಟು ಹೊರಗೆ ಹೋಗಬಾರದು ಅಂತ ಒಂದು ಗಾಜನ್ನು ಒಬ್ಬ ಕೆಲಸಗಾರನಿಗೆ, ಇನ್ನೊಂದನ್ನು ಮತ್ತೊಬ್ಬನಿಗೆ ಕೊಟ್ಟ. ಇಬ್ಬರೂ ಅದನ್ನು ಜಾರ್ಜ್ ಬಾಸ್ ಅನ್ನೋ ಒಬ್ಬನಿಗೇ ದಾಟಿಸಿದರು! ಬಾಸ್ ಎರಡನ್ನೂ ಜೋಡಿಸಿ ನೋಡಿದ, ಬಣ್ಣ ಇಲ್ಲ. ಹಾಲ್ ಮಾತ್ರ ಪೇಟೆಂಟ್ ಮಾಡಿಸದೆ ಸುಮ್ಮನಿದ್ದ. 1758ರಲ್ಲಿ ಜಾನ್ ಡಾಲಂಡ್ ಪೇಟೆಂಟ್ ಪಡೆದ.

ದೊಡ್ಡ ಫ್ಲಿಂಟ್ ಗಾಜು ಸಿಗದೆ ಈ ಜೋಡಿ ಮಸೂರ ಬಹಳ ದಿನ ನಾಲ್ಕೈದು ಇಂಚಿನಲ್ಲೇ ನಿಂತಿತ್ತು. ಕರಗಿದ ಗಾಜಿನೊಳಗೆ ಸೀಸ ತಳಕ್ಕಿಳಿದು, ಪಾಕದಲ್ಲಿ ಕಾಣುವ ಎಳೆಗಳ ಥರ ಗೆರೆಗೆರೆ ಬೀಳೋದು. ಸ್ವಿಸ್ ದೇಶದ ಪಿಯೆರ್ ಗಿನಾನ್ ಅನ್ನೋನು ಸುಟ್ಟ ಮಣ್ಣಿನ ಸೌಟು ಹಾಕಿ ಕಲಕಿದರೆ ಗೆರೆ ಹೋಗುತ್ತೆ ಅಂತ ಕಂಡುಕೊಂಡ. ನನ್ನ ಮಟ್ಟಿಗೆ ಆ ಸೌಟಿಗೆ ನಿಮ್ಮ ಚಾರ್ಟಿನಲ್ಲಿ ಒಂದು ಜಾಗ ಸಲ್ಲಬೇಕು. ಅವನಿಂದ ಫ್ರೌನ್‌ಹೋಫರ್ ಕಲಿತ, 1824ರಲ್ಲಿ ಎಸ್ಟೋನಿಯಾದ ಡೋರ್ಪಾಟ್ ವೀಕ್ಷಣಾಲಯಕ್ಕೆ ಒಂಬತ್ತೂವರೆ ಇಂಚಿನ ಮಸೂರ ಹೋಯಿತು, 1888ಕ್ಕೆ ಅಮೆರಿಕದ ಲಿಕ್ ವೀಕ್ಷಣಾಲಯದಲ್ಲಿ ಮೂವತ್ತಾರು ಇಂಚು, 1897ಕ್ಕೆ ಯರ್ಕೀಸ್ ನಲವತ್ತು. ಮುಚ್ಚಿದ ಕೊಳವೆ, ಕಿಲುಬಿನ ಕಾಟ ಇಲ್ಲ, ಒಂದು ಸಲ ಸರಿಯಾದ ಮಸೂರ ತಲೆಮಾರುಗಟ್ಟಲೆ ಹಾಗೇ. ಹತ್ತೊಂಬತ್ತನೇ ಶತಮಾನದಲ್ಲಿ ನಕ್ಷತ್ರದ ಜಾಗ ಅಳೆಯೋದೇ ದೊಡ್ಡ ಕೆಲಸ, ಅದಕ್ಕೆ ಬೇಕಾದ್ದು ಇಂಥ ನಂಬಿಕೆಯ ಉಪಕರಣ. 1838ರಲ್ಲಿ ಬೆಸೆಲ್ ಒಂದು ನಕ್ಷತ್ರದ ದೂರ ಅಳೆದದ್ದು ಆರು ಇಂಚು ಚಿಲ್ಲರೆಯ ಮಸೂರದಲ್ಲಿ.

ಹಾಗಾಗಿ ಮಗಳಿಗೆ ಹೇಳಿ, ಎಪ್ಪತ್ತೆರಡರಿಂದ ನಲವತ್ತಕ್ಕೆ ಇಳಿದದ್ದಲ್ಲ. ಎಪ್ಪತ್ತೆರಡರದ್ದು ಆಗಾಗ ಕಣ್ಣು ಮಂಜಾಗುವ ಆನೆ.

---

ಹಿಂದಿನ ಬೆಂಚು:

ಓದಿ ಖುಷಿಯಾಯ್ತು ಸರ್. ಆದ್ರೆ ಅರ್ಧ ಪ್ರಶ್ನೆ ಉಳಿದಿದೆ. ಮಸೂರ ಅಷ್ಟು ಒಳ್ಳೇದಿದ್ರೆ ನಲವತ್ತು ಇಂಚಿಗೇ ಯಾಕೆ ನಿಂತಿತು? ಐವತ್ತು ಮಾಡ್ಬೇಕಿತ್ತು. ಕನ್ನಡಿ ಯಾವಾಗ ಒಳ್ಳೇದಾಯ್ತು?

---

ಉಜ್ಜುಗಲ್ಲು:

ಐವತ್ತರ ಹತ್ತಿರ ಮಾಡಿದರು. 1900ರ ಪ್ಯಾರಿಸ್ ವಸ್ತುಪ್ರದರ್ಶನಕ್ಕೆ ನಲವತ್ತೊಂಬತ್ತು ಇಂಚಿನದ್ದು. ಮಲಗಿಸಿಟ್ಟ ಕೊಳವೆ, ತಿರುಗಿಸೋಕೇ ಆಗದು. ಪ್ರದರ್ಶನ ಮುಗಿದ ಮೇಲೆ ಕೊಳ್ಳುವವರಿಲ್ಲದೆ ಬಿಚ್ಚಿದರು.

ಮಸೂರವನ್ನು ಹಿಡಿಯೋಕೆ ಅಂಚು ಬಿಟ್ಟರೆ ಬೇರೆ ಜಾಗ ಇಲ್ಲ, ನಡುವೆ ಬೆಳಕು ಹೋಗಬೇಕಲ್ಲ. ಅಗಲ ಆದ ಹಾಗೆ ಗಾಜು ತನ್ನ ಭಾರಕ್ಕೆ ತಾನೇ ಜೋಲುತ್ತೆ. ದಪ್ಪ ಮಾಡಿದರೆ ಬೆಳಕನ್ನು ಗಾಜೇ ನುಂಗುತ್ತೆ, ಅದರಲ್ಲೂ ನೀಲಿ. ಯರ್ಕೀಸಿನ ಕೊಳವೆ ಹತ್ತೊಂಬತ್ತು ಮೀಟರ್ ಉದ್ದ, ಅದಕ್ಕೆ ತಕ್ಕ ಗುಮ್ಮಟ. ಕನ್ನಡಿಗಾದರೆ ಬೆನ್ನಿದೆ. ಬೆನ್ನಿಗೆ ಎಷ್ಟು ಕಡೆ ಬೇಕಾದರೂ ಆಧಾರ ಕೊಡಬಹುದು. ಅಷ್ಟು ಹೊತ್ತಿಗೆ ಫೋಟೋ ಪ್ಲೇಟು ಬಂದಿತ್ತು, ಆ ಪ್ಲೇಟಿಗೆ ನೀಲಿ ಬೆಳಕೇ ಪ್ರಾಣ. ಜೋಡಿ ಮಸೂರವನ್ನು ಸರಿಹೊಂದಿಸಿದ್ದು ಕಣ್ಣಿಗೆ ಕಾಣುವ ಹಳದಿ-ಹಸಿರಿಗೆ.

ಕನ್ನಡಿ ಯಾವಾಗ ಸುಧಾರಿಸಿತು ಅಂತ ಕೇಳಿದಿರಲ್ಲ, ಅದೇ ನನ್ನ ಇಷ್ಟದ ಭಾಗ. 1857ರ ಆಸುಪಾಸು, ಪ್ಯಾರಿಸ್‌ನಲ್ಲಿ ಲಿಯೊನ್ ಫುಕೋ, ಜರ್ಮನಿಯಲ್ಲಿ ಸ್ಟೈನ್‌ಹೈಲ್. ಲೋಹ ಬಿಡು, ಗಾಜನ್ನು ಉಜ್ಜು, ಅದರ ಮೇಲೆ ರಾಸಾಯನಿಕವಾಗಿ ಬೆಳ್ಳಿಯ ಪೊರೆ ಕೂರಿಸು. ಬೆಳ್ಳಿಯೂ ಕಪ್ಪಾಗುತ್ತೆ, ನಿಜ. ಆಗ ಆಮ್ಲ ಹಾಕಿ ಪೊರೆ ತೊಳೆದು ಮತ್ತೆ ಬೆಳ್ಳಿ ಹತ್ತಿಸಿದರಾಯಿತು. ಕೆಳಗಿನ ಗಾಜಿನ ಆಕಾರಕ್ಕೆ ಕೂದಲಷ್ಟೂ ಧಕ್ಕೆ ಇಲ್ಲ. ರಾಸ್‌ನ ಎರಡು ಕನ್ನಡಿ, ತಿಂಗಳಾನುಗಟ್ಟಲೆ ಪಾಲಿಶ್, ಎಲ್ಲ ಒಂದೇ ಏಟಿಗೆ ಹೋಯಿತು.

ಮರುವರ್ಷ ಫುಕೋ ಇನ್ನೂ ದೊಡ್ಡದೊಂದು ಕೊಟ್ಟ, ಬ್ಲೇಡು. ಅವನು ಬಳಸಿದ್ದು ಚಾಕುವಿನ ಅಲಗು, ನನ್ನದು ಗಡ್ಡ ಹೆರೆಯುವ ಬ್ಲೇಡು. ಕನ್ನಡಿಯನ್ನು ಗೋಡೆಗೆ ಆನಿಸಿ ನಿಲ್ಲಿಸಬೇಕು. ಸಂಗಮ ದೂರದ ಎರಡರಷ್ಟು ದೂರದಲ್ಲಿ, ನನ್ನದಕ್ಕೆ ಎಂಟು ಅಡಿ, ಸೂಜಿಮೊನೆಯಷ್ಟು ಬೆಳಕು ಇಡಬೇಕು. ಆ ಬೆಳಕು ಕನ್ನಡಿಗೆ ಹೋಗಿ ವಾಪಸ್ ಬಂದು ಸೇರುವ ಬಿಂದುವಿಗೆ ಬ್ಲೇಡನ್ನು ಪಕ್ಕದಿಂದ ಮೆಲ್ಲಗೆ ತಳ್ಳುತ್ತಾ ಹೋಗಬೇಕು, ಕಣ್ಣು ಬ್ಲೇಡಿನ ಹಿಂದೆಯೇ. ಕನ್ನಡಿ ಗೋಳದ ತುಂಡಾಗಿದ್ದರೆ ಇಡೀ ಮುಖ ಒಟ್ಟಿಗೆ ಬೂದಿ ಬಣ್ಣಕ್ಕೆ ತಿರುಗುತ್ತೆ. ಪರವಲಯ ಆಗಿದ್ದರೆ ಉದ್ದಿನ ವಡೆಯ ಹಾಗೆ ಉಬ್ಬು-ತಗ್ಗಿನ ನೆರಳು. ಚಪ್ಪಟೆಯಾಗಿ ಕಾಣುತ್ತಿದ್ದ ಗಾಜು ಸಂಜೆ ಬಿಸಿಲಿನ ಬೆಟ್ಟದ ಹಾಗೆ ಕಾಣೋಕೆ ಶುರುವಾಗುತ್ತೆ.

ನನ್ನ ಆರು ಇಂಚಿನ ಕನ್ನಡಿಯಲ್ಲಿ ಗೋಳಕ್ಕೂ ಪರವಲಯಕ್ಕೂ ಅಂಚಿನಲ್ಲಿ ಇರುವ ವ್ಯತ್ಯಾಸ ಒಂದು ಮಿಲಿಮೀಟರಿನ ಮೂರು ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ. ಅದನ್ನು ಒಂದು ಬ್ಲೇಡು, ಒಂದು ಪುಟ್ಟ ದೀಪ ಇಟ್ಟುಕೊಂಡು ಬರಿಗಣ್ಣಲ್ಲಿ ನೋಡಬಹುದು. ಒಂದು ರಾತ್ರಿ ತಮಾಷೆಗೆ ಗಾಜಿನ ಮೇಲೆ ಹೆಬ್ಬೆರಳನ್ನು ಅರ್ಧ ನಿಮಿಷ ಒತ್ತಿ ಹಿಡಿದೆ. ಬಂದು ಬ್ಲೇಡಿನ ಹಿಂದೆ ಕಣ್ಣಿಟ್ಟರೆ ಬೆರಳಿದ್ದ ಜಾಗದಲ್ಲಿ ಒಂದು ಗುಡ್ಡ! ಬೆರಳಿನ ಕಾವಿಗೆ ಗಾಜು ಉಬ್ಬಿತ್ತು. ನೋಡ್ತಾ ನೋಡ್ತಾ ಗುಡ್ಡ ಕರಗಿ ಸಮ ಆಯಿತು. ಹರ್ಶೆಲ್‌ಗೆ ಈ ಬ್ಲೇಡು ಸಿಕ್ಕಿದ್ದರೆ ಏನೇನು ಮಾಡುತ್ತಿದ್ದನೋ ಅಂತ ಅನ್ನಿಸಿ ಹೊಟ್ಟೆ ಉರಿಯಿತು. ಅವನು ಕತ್ತಲಲ್ಲಿ ತಡಕಾಡಿ ಮಾಡಿದ್ದನ್ನು ನನ್ನಂಥವನು ಕಂಡುಕೊಂಡು ಮಾಡಿದೆ.

ಕಾವಿನ ಮಾತು ಬಂತು, 1917ರ ಕಥೆ ಹೇಳಿಬಿಡ್ತೀನಿ. ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ವೀಕ್ಷಣಾಲಯದ ನೂರು ಇಂಚಿನ ಗಾಜು ಫ್ರಾನ್ಸಿನಿಂದ ಬಂದಾಗ ಒಳಗೆಲ್ಲ ಗಾಳಿಗುಳ್ಳೆ. ಅಲ್ಲಿನ ಮುಖ್ಯಸ್ಥ ಜಾರ್ಜ್ ಹೇಲ್ ಬೇಡವೇ ಬೇಡ ಅಂದಿದ್ದ, ಬೇರೆ ಸಿಗದೆ ಕೊನೆಗೆ ಅದನ್ನೇ ವರ್ಷಗಟ್ಟಲೆ ಉಜ್ಜಿಸಿದ. ನವೆಂಬರ್ 1ರ ರಾತ್ರಿ ಮೊದಲ ಸಲ ಗುರುವಿಗೆ ತಿರುಗಿಸಿ ನೋಡಿದರೆ ಒಂದರ ಮೇಲೊಂದು ಆರೇಳು ಗುರು. ಎಲ್ಲರ ಮುಖ ಸಪ್ಪೆ. ಆಮೇಲೆ ಯಾರಿಗೋ ಹೊಳೆಯಿತು, ಕೆಲಸಗಾರರು ಹಗಲೆಲ್ಲ ಗುಮ್ಮಟ ತೆರೆದಿಟ್ಟಿದ್ದರು, ಬಿಸಿಲು ಕನ್ನಡಿಗೆ ಬಿದ್ದಿತ್ತು. ಮಲಗಲಾರದೆ ನಡುರಾತ್ರಿ ಕಳೆದು ಮತ್ತೆ ಬಂದರು. ಗುರು ಆಗಲೇ ಕೈತಪ್ಪಿತ್ತು, ಅಭಿಜಿತ್ ನಕ್ಷತ್ರಕ್ಕೆ ತಿರುಗಿಸಿದರು. ಸೂಜಿಮೊನೆ! ಆರು ವರ್ಷಕ್ಕೆ ಅದೇ ಗುಳ್ಳೆಗಾಜಿನಲ್ಲಿ ಖಗೋಳವಿಜ್ಞಾನಿ ಹಬಲ್ ಆಂಡ್ರೊಮಿಡಾದೊಳಗೆ ಮಿಣುಕುವ ನಕ್ಷತ್ರ ಹಿಡಿದ, ಆಂಡ್ರೊಮಿಡಾ ನಮ್ಮದಲ್ಲದ ಬೇರೆಯೇ ಗೆಲಾಕ್ಸಿ ಅಂತ ಅದರಿಂದ ಗೊತ್ತಾಯಿತು. ಗುಳ್ಳೆ ಒಳಗಿದ್ದರೇನು, ಬೆಳಕು ತಾಗೋದು ಮೇಲಿನ ಪೊರೆಗೆ ತಾನೇ. ಅದೇ ಗಾಜು ಮಸೂರ ಆಗಬೇಕಿದ್ದರೆ ಮೂಲೆಗೆ ಎಸೆಯಬೇಕಿತ್ತು. ನೀಲಿ ಗೆರೆ ನಿಂತದ್ದಕ್ಕೆ ಇದೂ ಕಾರಣ ಅಂತ ಬರೆದುಕೊಳ್ಳಿ.

ಅಲ್ಲಿಂದ ಮುಂದೆ ಕೆಂಪು ಗೆರೆ ನೇರ. 1934ರಲ್ಲಿ ಇನ್ನೂರು ಇಂಚಿನ ಪೈರೆಕ್ಸ್ ಎರಕ, ಹತ್ತು ತಿಂಗಳು ಆರಿಸಿದರು, ನಡುವೆ ಯುದ್ಧ, ಆ ಕನ್ನಡಿಯ ಪಾಲೊಮಾರ್ ದೂರದರ್ಶಕ ತೆರೆದದ್ದು 1948. ಬೆಳ್ಳಿಯ ಜಾಗಕ್ಕೆ ಅಲ್ಯೂಮಿನಿಯಂ ಬಂತು. ಒಂದೇ ಗಾಜು ದೊಡ್ಡದು ಮಾಡೋದು ಸಾಕಾಗಿ ಹವಾಯಿಯ ಕೆಕ್ ದೂರದರ್ಶಕದಲ್ಲಿ ಆರು ಮೂಲೆಯ ಮೂವತ್ತಾರು ತುಂಡು ಜೋಡಿಸಿ ಹತ್ತು ಮೀಟರ್ ಮಾಡಿದರು, 2021ರ ಕೊನೆಗೆ ಹಾರಿದ ಬಾಹ್ಯಾಕಾಶ ದೂರದರ್ಶಕ ಜೇಮ್ಸ್ ವೆಬ್‌ನಲ್ಲಿ ಹದಿನೆಂಟು ತುಂಡು, ಅದೂ ಗಾಜಲ್ಲ, ಚಿನ್ನ ಲೇಪಿಸಿದ ಬೆರಿಲಿಯಂ.

---

ಪಾದಟಿಪ್ಪಣಿ:

ಬ್ಲೇಡನ್ನು ಇಷ್ಟು ಹೊಗಳಿದಿರಿ, ಬಾಹ್ಯಾಕಾಶದ ಹಬಲ್ ದೂರದರ್ಶಕವನ್ನು ಯಾಕೆ ಬಿಟ್ಟಿರಿ? ಅಳೆಯೋ ಸಾಧನ ಇದ್ದೂ ಅಲ್ಲಿ ಎಡವಿದರಲ್ಲ.

ಇನ್ನೊಂದು: ಚಾರ್ಟಿಗೆ ಮೂರನೇ ಬಣ್ಣ ಬೇಕಾಗುತ್ತೆ, ರೇಡಿಯೋ ದೂರದರ್ಶಕಕ್ಕೆ. ಕಾರ್ಲ್ ಜಾನ್ಸ್ಕಿ 1930ರ ದಶಕದ ಶುರುವಿನಲ್ಲಿ ರೇಡಿಯೋ ದೂರವಾಣಿಗೆ ಬರುವ ಗೊರಗೊರ ಶಬ್ದದ ಮೂಲ ಹುಡುಕುತ್ತಿದ್ದ. ಒಂದು ಶಬ್ದ ಮಾತ್ರ ದಿನಾ ನಾಲ್ಕು ನಿಮಿಷ ಬೇಗ ಬರುತ್ತಿತ್ತು. ನಾಲ್ಕು ನಿಮಿಷ ಬೇಗ ಹುಟ್ಟೋದು ನಕ್ಷತ್ರಗಳು, ಸೂರ್ಯ ಅಲ್ಲ. ಶಬ್ದ ಆಕಾಶಗಂಗೆಯ ನಡುವಿನದ್ದು. 2019ರಲ್ಲಿ ತೋರಿಸಿದ ಕಪ್ಪುಕುಳಿಯ ಚಿತ್ರ ಈ ಗೆರೆಯ ಮೊಮ್ಮಗು.

---

ಉಜ್ಜುಗಲ್ಲು:

ಬಿಟ್ಟಿದ್ದಲ್ಲ, ಹೇಳೋಕೆ ಸಂಕಟ. ಹಬಲ್‌ನ 2.4 ಮೀಟರ್ ಕನ್ನಡಿ ಆವರೆಗೆ ಉಜ್ಜಿದ್ದರಲ್ಲೆಲ್ಲ ನಯವಾದವುಗಳಲ್ಲಿ ಒಂದು. ತಪ್ಪು ಆಕಾರಕ್ಕೆ ಅಷ್ಟು ನಯವಾಗಿ ಉಜ್ಜಿದ್ದರು, ಅಷ್ಟೆ. ಅಳೆಯುವ ಸಾಧನದೊಳಗಿನ ಒಂದು ಮಸೂರ 1.3 ಮಿಲಿಮೀಟರ್ ಆಚೆ ಕೂತಿತ್ತು, ಅದರಿಂದ ಅಂಚು 2.2 ಮೈಕ್ರೊಮೀಟರ್ ಹೆಚ್ಚು ಚಪ್ಪಟೆಯಾಯಿತು. ಬೇರೆ ಎರಡು ಸರಳ ಸಾಧನಗಳು ಏನೋ ಸರಿಯಿಲ್ಲ ಅಂತ ತೋರಿಸಿದ್ದವು. ದುಬಾರಿ ಸಾಧನದ ಮಾತು ನಂಬಿ ಅವನ್ನು ಬದಿಗಿಟ್ಟರು. 1993ರ ಡಿಸೆಂಬರಿನಲ್ಲಿ ಯಾನಿಗಳು ಮೇಲೆ ಹೋಗಿ ಅದಕ್ಕೆ ಕನ್ನಡಕ ಹಾಕಿದ ಹಾಗೆ ಸರಿಮಾಡಿದರು. ತಪ್ಪು ಒಂದೇ ಸಮ ಇದ್ದದ್ದರಿಂದ ಕನ್ನಡಕ ಕೂತಿತು, ಅಡ್ಡಾದಿಡ್ಡಿ ಇದ್ದಿದ್ದರೆ ಆಗುತ್ತಿರಲಿಲ್ಲ.

ನನ್ನ ಎರಡನೇ ಕನ್ನಡಿ ಕೆಟ್ಟದ್ದೂ ಹೀಗೇ. ಸ್ಟ್ಯಾಂಡಿನ ಸ್ಕ್ರೂ ಸಡಿಲ ಇತ್ತು, ಮೂರು ವಾರ ಸುಳ್ಳು ಓದುತ್ತಾ ಉಜ್ಜಿದ್ದೆ.

---

ಅಮಾವಾಸ್ಯೆ:

ಎಲ್ಲರಿಗೂ ಥ್ಯಾಂಕ್ಸ್. ಇದನ್ನೆಲ್ಲ ಅವಳಿಗೆ ಓದಿ ಹೇಳಿದೆ. ಹಳೇ ಹಾಳೆ ಹರಿದು ಹಾಕಿ ಹೊಸದು ಶುರುಮಾಡಿದ್ದಾಳೆ, ಈಗ ಮೂರು ಗೆರೆ. ನೀಲಿ ಗೆರೆ 1900ಕ್ಕೆ ನಿಲ್ಲುತ್ತೆ, ಅದರ ತುದಿಗೆ ಮಲಗಿದ ಕೊಳವೆಯ ಚಿತ್ರ. ಕೆಂಪು ಗೆರೆ ನ್ಯೂಟನ್ನಿಂದ ಫುಕೋವರೆಗೆ ತುಂಡುತುಂಡು ಚುಕ್ಕೆ, ಅಲ್ಲಿಂದ ಗಟ್ಟಿ. ಸೌಟಿನ ಚಿತ್ರ ಬಂದಿದೆ, ನಿಮ್ಮ ಹೆಸರಲ್ಲಿ. ಬ್ಲೇಡು ಬರೆದರೆ ಟೀಚರ್ ಏನಂತಾರೋ ಅಂತ ಅನುಮಾನ, ಆದ್ರೂ ಬರೆದಳು.

ಹೆಬ್ಬೆರಳಿನ ಗುಡ್ಡವನ್ನು ನಂಬ್ತಿಲ್ಲ. ನೋಡಬೇಕಂತೆ.

ಅವಳದ್ದೊಂದು ಪ್ರಶ್ನೆ ಉಳಿದಿದೆ. ಲದ್ದಿ ಕುಟ್ಟಿದವಳು, ತುತ್ತು ಇಟ್ಟವಳು, ಅವಳಿಗೆ ಗೆರೆಯ ಮೇಲೆ ಜಾಗ ಇಲ್ವಾ ಅಂತ.

---

ಉಜ್ಜುಗಲ್ಲು:

ಇದೆ. ಅಣ್ಣ ಮಾಡಿಕೊಟ್ಟ ಪುಟ್ಟ ಕನ್ನಡಿ ದೂರದರ್ಶಕದಲ್ಲಿ, ಅವನು ಊರಲ್ಲಿಲ್ಲದಾಗ, ಒಬ್ಬಳೇ ಕೂತು ಧೂಮಕೇತು ಹಿಡಿದಳು. 1786, ಆಗಸ್ಟ್ 1. ಕೆಂಪು ಪೆನ್ನು.